ಗಸ್ಸಾನ್ ಶಿಖರಕ್ಕೆ, ಬಿಳಿಯುಟ್ಟ ಯಾತ್ರಿಕರೊಡನೆ

ಉತ್ತರ ಜಪಾನಿನ ಯಾಮಗಾತಾ ಪ್ರಾಂತ್ಯದಲ್ಲಿ ದೇವಾ ಸಾನ್‌ಜಾನ್ ಎಂದು ಪೂಜೆಗೊಳ್ಳುವ ಹಗುರೋ, ಗಸ್ಸಾನ್, ಯುದೋನೋ ಎಂಬ ಮೂರು ಬೆಟ್ಟಗಳಲ್ಲಿ ಗಸ್ಸಾನ್ ಎಲ್ಲಕ್ಕಿಂತ ಎತ್ತರದ್ದು, 1,984 ಮೀಟರ್. ಹಿಮದ ಕಾರಣ ಶಿಖರದ ದೇಗುಲ ತೆರೆದಿರುವುದು ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ. ಹಗುರೋ ಬೆಟ್ಟದ 2,446 ಕಲ್ಲುಮೆಟ್ಟಿಲುಗಳನ್ನೂ ಸುಗಿ ಮರಗಳ ನಡುವಿನ ಐದಂತಸ್ತಿನ ಗೋಪುರವನ್ನೂ ಹಿಂದಿನ ದಿನವೇ ನೋಡಿದ್ದೆವು; ಅವು ಚೆಲುವಾಗಿವೆ, ಆದರೆ ನನ್ನನ್ನು ಅಲುಗಾಡಿಸಿದ್ದು ಗಸ್ಸಾನ್.

ಬಸ್ಸು ಗಸ್ಸಾನ್ ಹತ್ತುವ ದಾರಿಯ ಎಂಟನೆಯ ತಂಗುದಾಣದವರೆಗೆ ಹೋಗುತ್ತದೆ. ಮಿದಾಗಹರಾ ಎಂಬ ಜೌಗುಬಯಲಿನಲ್ಲಿ ಮರದ ಹಲಗೆಗಳ ಮೇಲೆ ನಡೆದು, ಬಂಡೆಗಲ್ಲುಗಳ ದಾರಿ ಹತ್ತಿ, ಬೇಸಿಗೆಯಲ್ಲೂ ಕರಗದ ಹಿಮವನ್ನು ದಾಟಿ ಒಂಬತ್ತನೆಯ ತಂಗುದಾಣ ತಲುಪಿದಾಗ, ಅಲ್ಲಿನ ಗುಡಿಸಲಿನೆದುರು ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟ ಹಿರಿಯರೊಬ್ಬರು ಕೂತಿದ್ದರು. ಅವರ ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಮಾತು ಬೆಳೆಯಿತು.

“ಇದು ಸತ್ತವರಿಗೆ ಉಡಿಸುವ ಬಟ್ಟೆ,” ಎಂದು ಅವರು ತೋಳನ್ನು ಹಿಡಿದು ತೋರಿಸಿದರು. ಹಗುರೋ ಈ ಬದುಕು, ಗಸ್ಸಾನ್ ಸತ್ತವರ ಲೋಕ, ಯುದೋನೋ ಮರುಹುಟ್ಟು. ಮೂರನ್ನೂ ನಡೆದವನು ಸತ್ತು ಹುಟ್ಟಿ ಬಂದಂತೆ ಎಂಬುದು ಬೆಟ್ಟಗಳಲ್ಲಿ ತಪಸ್ಸು ಮಾಡುವ ಯಾಮಬುಶಿ ಸಾಧಕರ ಪರಂಪರೆಯ ನಂಬಿಕೆ. ಪ್ರತಿ ವರ್ಷವೂ ಬರುತ್ತೀರಾ ಎಂದು ಕೇಳಿದೆ. “ಮೊದಲು ಹೆಂಡತಿಯ ಜೊತೆ ಬರುತ್ತಿದ್ದೆ. ಈಗ ಅವಳು ಇಲ್ಲಿಯೇ ಇದ್ದಾಳಲ್ಲ, ನೋಡಿಕೊಂಡು ಹೋಗಲು ಬರುತ್ತೇನೆ,” ಎಂದರು. ತೀರಿಕೊಂಡವರ ಆತ್ಮ ಈ ಬೆಟ್ಟವನ್ನು ಸೇರುತ್ತದೆಂದು ಸುತ್ತಲಿನ ಜನ ನಂಬುತ್ತಾರೆಂದು ನನಗೆ ಗೊತ್ತಿತ್ತು. ಆದರೆ ನೆರೆಮನೆಯ ಸುದ್ದಿ ಹೇಳುವಷ್ಟು ಸಹಜವಾಗಿ ಒಬ್ಬರು ಅದನ್ನು ನುಡಿದದ್ದು ಕೇಳಿ ನನಗೆ ಮರುಮಾತು ಹೊರಡಲಿಲ್ಲ.

ಶಿಖರದಲ್ಲಿ ಚಂದ್ರದೇವತೆ ತ್ಸುಕುಯೋಮಿಯ ಗುಡಿಯನ್ನು ಕಲ್ಲುಗೋಡೆ ಸುತ್ತುವರಿದಿದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಆ ಕಟ್ಟಳೆ ಅಲ್ಲಿಗೆ ತಕ್ಕುದಾಗಿದೆ. ಅರ್ಚಕರು ಶುದ್ಧಿಮಂತ್ರ ಹೇಳಿ, ಮನುಷ್ಯಾಕೃತಿಯಲ್ಲಿ ಕತ್ತರಿಸಿದ ಕಾಗದದ ತುಂಡನ್ನು ಕೊಟ್ಟರು. ಅದನ್ನು ಮೈಮೇಲೆ ಸವರಿಕೊಂಡು ನೀರಿಗೆ ಬಿಡಬೇಕು. ಪಕ್ಕದಲ್ಲಿದ್ದ ಹಿರಿಯರು ತಮ್ಮ ಕಾಗದವನ್ನು ಹೆಗಲಿಗೆ, ಎದೆಗೆ, ಮೊಣಕಾಲಿಗೆ ನಿಧಾನವಾಗಿ ಒತ್ತಿಕೊಂಡರು. ನಾನೂ ಹಾಗೆಯೇ ಮಾಡಿದೆ.

ಅಲ್ಲಿ ಇನ್ನಷ್ಟು ಹೊತ್ತು ಕೂರಬೇಕಿತ್ತು. ನಾವು ತಂಗಿದ್ದ ವಸತಿಗೃಹದವರು ಕೊಟ್ಟ ಬಸ್ಸಿನ ವೇಳಾಪಟ್ಟಿ ಹಳೆಯದೆಂದು ಹತ್ತುವಾಗಲೇ ತಿಳಿದಿದ್ದರಿಂದ, ಕೊನೆಯ ಬಸ್ಸು ಹಿಡಿಯಲು ಓಡೋಡಿ ಇಳಿಯಬೇಕಾಯಿತು. ಆ ಬೇಸರ ಇನ್ನೂ ಹೋಗಿಲ್ಲ. ಹೋಗುವವರು ವೇಳೆಯನ್ನು ಬಸ್ ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯದೆಂದರೆ, 1689ರಲ್ಲಿ ಕವಿ ಬಾಶೋ ಮಾಡಿದಂತೆ ರಾತ್ರಿ ಶಿಖರದಲ್ಲೇ ಉಳಿಯುವುದು. ಈಗ ಅಲ್ಲಿ ತಂಗುಮನೆಯಿದೆ, ಮುಂಗಡವಾಗಿ ಜಾಗ ಕಾದಿರಿಸಬೇಕು. ಬೆಳಿಗ್ಗೆ ಯುದೋನೋ ಕಡೆಗೆ ಇಳಿಯುವ ದಾರಿ ಕಡಿದಾಗಿದ್ದು, ಕೆಲವೆಡೆ ಕಬ್ಬಿಣದ ಏಣಿಗಳಿರುವುದರಿಂದ, ಮಳೆಯಿದ್ದರೆ ಆ ಕಡೆ ಇಳಿಯುವುದು ಬೇಡ.