ಕಿವಿಗೆ ದೋಸೆ ತೋರಿಸುವುದು ಹೇಗೆ?

ರೇಡಿಯೋ ಜಾಹೀರಾತು ಬರೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಮೊದಲು ಒಪ್ಪಿಕೊಳ್ಳಬೇಕಾದ ವಿಷಯ ಏನೆಂದರೆ, ನಮ್ಮ ಜಾಹೀರಾತನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದು ಬೆಂಗಳೂರಲ್ಲೇ. ಇಲ್ಲಿನ ಟ್ರಾಫಿಕ್‌ನಲ್ಲಿ ಕೂತವರಿಗೆ ಹಾಡು ಬೇಕು, ನಾವು ಬೇಡ.

ಕ್ಲೈಂಟ್‌ಗೆ ಇದು ಹಿಡಿಸುವುದಿಲ್ಲ. ಸಮಯಕ್ಕೆ ದುಡ್ಡು ಕೊಡುವುದು 10 ಸೆಕೆಂಡಿನ ಲೆಕ್ಕದಲ್ಲಿ, ಹಾಗಾಗಿ ಸಿಕ್ಕಿದ್ದನ್ನೆಲ್ಲ ತುರುಕಬೇಕು ಎನ್ನುತ್ತಾರೆ. ಆಫರ್, ಪೂರ್ತಿ ವಿಳಾಸ, ಫೋನ್ ನಂಬರ್ ಎರಡು ಸಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರು ಹತ್ತು ಅಂಕಿ ಬರೆದುಕೊಳ್ಳುತ್ತಾರಾ? 'ಜಯನಗರ ನಾಲ್ಕನೇ ಬ್ಲಾಕ್, ಕಾಂಪ್ಲೆಕ್ಸ್ ಎದುರು' ಅಂದರೆ ಸಾಕು, ಬರುವವರು ಬರುತ್ತಾರೆ.

ಒಂದು ದರ್ಶಿನಿಯ ಜಾಹೀರಾತಿಗೆ ಕಾವಲಿಯ ಚುಂಯ್ ಸದ್ದು ಬೇಕಿತ್ತು. ನಿಜವಾದ ದೋಸೆಯದ್ದೇ ರೆಕಾರ್ಡ್ ಮಾಡಿದೆವು. ಸ್ಟುಡಿಯೋದಲ್ಲಿ ಕಣ್ಮುಚ್ಚಿ ಕೇಳಿದರೆ ಶೀಟಿನ ಮೇಲೆ ಮಳೆ ಬಿದ್ದ ಹಾಗಿತ್ತು! ಕಣ್ಣಿಗೆ ಏನೂ ಕಾಣದಿದ್ದಾಗ ಸದ್ದು ಏನು ಬೇಕಾದರೂ ಆಗಬಹುದು. ಅದಕ್ಕೆ ಮುಂಚೆ ಕೌಂಟರ್‌ನಿಂದ 'ಎರಡು ಮಸಾಲೆ, ಒಂದು ಖಾಲಿ!' ಅಂತ ಒಂದು ಕೂಗು ಇಟ್ಟೆವು. ಈಗ ಅದೇ ಸದ್ದು ದೋಸೆಯಾಯಿತು, ಬೆಣ್ಣೆಯೂ ಕಂಡಿತು. ಮೊದಲು ಮಾತು, ಆಮೇಲೆ ಸದ್ದು. ತಿರುಗಿಸಿದರೆ ಮತ್ತೆ ಮಳೆ. 'ರುಚಿ ರುಚಿಯಾದ, ಗರಿಗರಿಯಾದ' ಅನ್ನುವ ಸಾಲು ಇತ್ತು, ಕಿತ್ತುಹಾಕಿದೆವು. ಸದ್ದೇ ಹೇಳುತ್ತಿದೆ ಅಲ್ವಾ? ಉಳಿದ ಜಾಗದಲ್ಲಿ ಒಂದು ಸೆಕೆಂಡು ಏನೂ ಇಲ್ಲದೆ ಬಿಟ್ಟೆವು. ಸತತ ಗಲಾಟೆಯ ಮಧ್ಯೆ ಸದ್ದು ಫಕ್ಕನೆ ನಿಂತರೆ ಜನ ರೇಡಿಯೋ ಕಡೆ ನೋಡುತ್ತಾರೆ. ಆಗ ಅಂಗಡಿಯ ಹೆಸರು ಹೇಳಬೇಕು.

ಜಿಂಗಲ್, ಅಂದರೆ ಜಾಹೀರಾತಿನ ಪುಟ್ಟ ಹಾಡಿನ ಬಗ್ಗೆ ಕ್ಲೈಂಟ್‌ಗಳಿಗೆ ತುಂಬಾ ಮೋಹ, ನನಗೂ ಇದೆ. ಜೋಕ್ ನಾಲ್ಕನೇ ಸಲಕ್ಕೆ ಹಳಸುತ್ತದೆ, ರಾಗ ಹಾಗಲ್ಲ. ಕೇಳಿದಷ್ಟೂ ಅಂಟಿಕೊಳ್ಳುತ್ತದೆ, ಬೇಡವೆಂದರೂ. ಪ್ರಾಸವೂ ಅದೇ ಕೆಲಸ ಮಾಡುತ್ತದೆ. ಕನ್ನಡದ ಕಿವಿಗೆ ಎರಡನೇ ಅಕ್ಷರದ ಪ್ರಾಸ ಮೊದಲಿಂದಲೂ ಅಭ್ಯಾಸ ತಾನೇ.

ಕೆಲವು ತಂತ್ರಗಳು ನನಗೆ ಸರಿ ಕಾಣುವುದಿಲ್ಲ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಮಾರುಕಟ್ಟೆ ಅಪಾಯದ ಎಚ್ಚರಿಕೆಯನ್ನು ಉಸಿರು ಬಿಡದೆ ಓದುತ್ತಾರಲ್ಲ, ಅದು ನಿಯಮಕ್ಕಾಗಿ ಹೇಳುವುದು, ಕೇಳುಗರಿಗಾಗಿ ಅಲ್ಲ. ಇನ್ನೊಂದು, ಹಾರ್ನ್ ಮತ್ತು ಸೈರನ್. ಗಮನ ಸೆಳೆಯುತ್ತದೆ, ಸುಳ್ಳಲ್ಲ. ಆದರೆ ಕೇಳುವವನ ಕೈ ಸ್ಟೇರಿಂಗ್ ಮೇಲಿರುತ್ತದೆ. ಹಾಕಿ ಅಂದರೂ ನಾನು ಹಾಕುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ: ಸ್ಟುಡಿಯೋದ ದೊಡ್ಡ ಸ್ಪೀಕರ್ ನಂಬಬೇಡಿ. ಜಾಹೀರಾತನ್ನು ಮೊಬೈಲ್‌ಗೆ ಹಾಕಿಕೊಂಡು, ಓಡುತ್ತಿರುವ ಆಟೋದಲ್ಲಿ ಕೂತು ಕೇಳಿ. ಅಂಗಡಿಯ ಹೆಸರು ಕೇಳಿಸದಿದ್ದರೆ ಮ್ಯೂಸಿಕ್ ತಗ್ಗಿಸಿ. ಆಗಲೂ ಕೇಳಿಸದಿದ್ದರೆ ಇನ್ನೊಂದು ಸಾಲು ಕಿತ್ತುಹಾಕಿ.