ಹೈಂಗ್ ನೋರ್ ಅಮೆರಿಕದಲ್ಲಿ ಮತ್ತೆ ವೈದ್ಯರಾಗಲಿಲ್ಲವೇಕೆ?

ವಿಯೆಟ್ನಾಂ, ಕಾಂಬೋಡಿಯಾಗಳಿಂದ ಹೊರಬಿದ್ದ ನಿರಾಶ್ರಿತರ ಬಗ್ಗೆ ಬರೆದಾಗಲೆಲ್ಲ ಓದುಗರು ನನಗೆ ಹಾಕುವ ಪ್ರಶ್ನೆ ಒಂದಿದೆ: ‘ದ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರದ ಅಭಿನಯಕ್ಕೆ ಆಸ್ಕರ್ ಪಡೆದ ಹೈಂಗ್ ಎಸ್. ನೋರ್ ಮೂಲತಃ ವೈದ್ಯರಾಗಿದ್ದರಲ್ಲ, ಅಮೆರಿಕ ಸೇರಿದ ಮೇಲೆ ಅವರು ತಮ್ಮ ವೃತ್ತಿಗೆ ಏಕೆ ಮರಳಲಿಲ್ಲ? ಕೇಳುವವರಲ್ಲಿ ಅನೇಕರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಸಿನಿಮಾ ಕೈಹಿಡಿದ ಮೇಲೆ ಸ್ಟೆತಸ್ಕೋಪು ಯಾರಿಗೆ ಬೇಕು ಎನ್ನುತ್ತಾರೆ. ಕಾಲಾನುಕ್ರಮವನ್ನು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ನೋರ್ ಲಾಸ್ ಏಂಜಲೀಸಿಗೆ ಬಂದದ್ದು 1980ರ ಆಗಸ್ಟ್ ಕೊನೆಯಲ್ಲಿ. ಸಿನಿಮಾದವರ ಕಣ್ಣಿಗೆ ಬಿದ್ದದ್ದು 1982ರಲ್ಲಿ, ಅದೂ ಆಕಸ್ಮಿಕವಾಗಿ, ಒಂದು ಮದುವೆ ಸಮಾರಂಭದಲ್ಲಿ. ವೈದ್ಯವೃತ್ತಿಯ ಬಾಗಿಲು ಅದಕ್ಕೂ ಮೊದಲೇ ಮುಚ್ಚಿತ್ತು.

1940ರಲ್ಲಿ ಕಾಂಬೋಡಿಯಾದ ತಾಕೇವ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಚೀನೀ ಮೂಲದ ತಂದೆಗೂ ಆ ದೇಶದ ಬಹುಸಂಖ್ಯಾತ ಖಮೇರ್ ಜನಾಂಗದ ತಾಯಿಗೂ ಹುಟ್ಟಿದ ನೋರ್, ಶಸ್ತ್ರಚಿಕಿತ್ಸೆಯಲ್ಲಿಯೂ ಸ್ತ್ರೀರೋಗ ಮತ್ತು ಹೆರಿಗೆಯ ವಿಭಾಗದಲ್ಲಿಯೂ ತರಬೇತಿ ಪಡೆದು, ರಾಜಧಾನಿ ನಾಮ್ ಪೆನ್‌ನಲ್ಲಿ ವೃತ್ತಿ ನಡೆಸುತ್ತಿದ್ದರು. 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟ್ ಬಣವಾದ ಖಮೇರ್ ರೂಜ್‌ನ ಪಡೆಗಳು ನಗರವನ್ನು ವಶಪಡಿಸಿಕೊಂಡಾಗ ಅವರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದರು. ಬಂದೂಕು ಹಿಡಿದು ಒಳನುಗ್ಗಿದ ಹುಡುಗನೊಬ್ಬ ವೈದ್ಯ ನೀನೇ ಏನು ಎಂದು ಕೇಳಿದಾಗ, ವೈದ್ಯರು ಆಗಲೇ ಹೊರಟುಹೋದರು ಎಂದು ಹೇಳಿ, ರೋಗಿಯನ್ನು ಮೇಜಿನ ಮೇಲೆಯೇ ಬಿಟ್ಟು ಪಾರಾದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮುಂದಿನ ಸುಮಾರು ನಾಲ್ಕು ವರ್ಷ ಅವರ ಜೀವ ಉಳಿದದ್ದು ಇದೇ ಸುಳ್ಳಿನ ಆಸರೆಯಲ್ಲಿ.

ನಗರಗಳನ್ನು ಬರಿದು ಮಾಡಿ ಜನರನ್ನು ಹೊಲಗದ್ದೆಗಳ ಜೀತಕ್ಕೆ ಅಟ್ಟಿದ, ಹಣವನ್ನೇ ರದ್ದುಮಾಡಿದ ಆ ಆಡಳಿತದಲ್ಲಿ ಓದಿದವನೆಂದು ತಿಳಿದರೆ ಸಾಕು, ಸಾವು ಖಚಿತವೆಂಬಂತಿತ್ತು. ನೋರ್ ಕನ್ನಡಕ ತೆಗೆದಿಟ್ಟು, ತಾನು ಟ್ಯಾಕ್ಸಿ ಓಡಿಸುತ್ತಿದ್ದವನು ಎಂದು ಹೇಳಿಕೊಂಡರು. ಆದರೂ ಅನುಮಾನ ತಪ್ಪಲಿಲ್ಲ. ಮೂರು ಬಾರಿ ಸೆರೆಮನೆಗೆ ಹೋದರು, ಚಿತ್ರಹಿಂಸೆ ಅನುಭವಿಸಿದರು, ಒಂದು ಬೆರಳಿನ ಭಾಗವನ್ನೂ ಕಳೆದುಕೊಂಡರು. 1978ರಲ್ಲಿ, ವರ್ಷಗಳ ಅರೆಹೊಟ್ಟೆಯಿಂದ ನಿತ್ರಾಣಳಾಗಿದ್ದ ಅವರ ಪತ್ನಿ ಮೈ ಹುವೊಯ್‌ಗೆ ಅವಧಿಗೆ ಮುನ್ನವೇ ಹೆರಿಗೆ ನೋವು ಆರಂಭವಾಯಿತು. ಸಿಸೇರಿಯನ್ ಆಗದೆ ಬೇರೆ ದಾರಿಯಿರಲಿಲ್ಲ. ಅದನ್ನು ಮಾಡಬಲ್ಲ ತಜ್ಞ ಪಕ್ಕದಲ್ಲೇ ಕುಳಿತಿದ್ದರೂ ಕೈಯಲ್ಲಿ ಉಪಕರಣವಿರಲಿಲ್ಲ, ಔಷಧವಿರಲಿಲ್ಲ, ಹೇಗೋ ಮಾಡಿದರೂ ಗುಟ್ಟು ರಟ್ಟಾಗಿ ಅವರೆಲ್ಲರ ತಲೆ ಉರುಳುತ್ತಿತ್ತು. ತಾಯಿಯೂ ಮಗುವೂ ಉಳಿಯಲಿಲ್ಲ. ನೋರ್ ಮತ್ತೆ ಮದುವೆಯಾಗಲಿಲ್ಲ.

ಇದನ್ನು ಓದಿದ ಕೆಲವರು, ಆ ಆಘಾತದಿಂದಲೇ ಅವರು ವೈದ್ಯಕೀಯವನ್ನು ತೊರೆದಿರಬೇಕು ಎಂದು ಊಹಿಸುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಾಮ್ ಪೆನ್ ಪ್ರವೇಶಿಸಿ ಪೋಲ್ ಪಾಟ್‌ನ ಆಡಳಿತವನ್ನು ಉರುಳಿಸಿದ ಬಳಿಕ ನೋರ್ ತಮ್ಮ ಸಂಬಂಧಿಕರ ಪುಟ್ಟ ಹುಡುಗಿಯೊಬ್ಬಳನ್ನು ಕರೆದುಕೊಂಡು ಗಡಿ ದಾಟಿ ಥಾಯ್ಲೆಂಡ್ ಸೇರಿದರು. ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿ ಅವರು ಕೈಗೆತ್ತಿಕೊಂಡದ್ದು ವೈದ್ಯರ ಕೆಲಸವನ್ನೇ. ಯುದ್ಧಕ್ಕೆ ಮುಂಚೆ ಇಡೀ ಕಾಂಬೋಡಿಯಾದಲ್ಲಿದ್ದ ವೈದ್ಯರು ಸುಮಾರು 500 ಮಂದಿ. 1979ರ ವೇಳೆಗೆ ದೇಶದೊಳಗೆ ಉಳಿದವರು 50ರ ಆಸುಪಾಸು ಎಂದು ಅಂದಾಜಿಸುತ್ತಾರೆ. ಶಿಬಿರದಲ್ಲಿ ಪ್ರಮಾಣಪತ್ರ ತೋರಿಸೆಂದು ಪಟ್ಟುಹಿಡಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಪ್ರಮಾಣಪತ್ರ ಅನಿವಾರ್ಯವಾದದ್ದು ಅಮೆರಿಕದಲ್ಲಿ. ಹೊರದೇಶದಲ್ಲಿ ವೈದ್ಯಕೀಯ ಓದಿದವರು ಅಲ್ಲಿ ಮೊದಲು ತಮ್ಮ ಓದಿನ ದಾಖಲೆಗಳನ್ನು ಪರಿಶೀಲನೆಗೆ ಒಪ್ಪಿಸಬೇಕು, ಮೂಲವಿಜ್ಞಾನದಿಂದ ಹಿಡಿದು ಚಿಕಿತ್ಸೆಯವರೆಗಿನ ಅರ್ಹತಾ ಪರೀಕ್ಷೆಯನ್ನೂ ಇಂಗ್ಲಿಷ್ ಪರೀಕ್ಷೆಯನ್ನೂ ದಾಟಬೇಕು, ಆಮೇಲೆ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ರೆಸಿಡೆನ್ಸಿ ಎಂಬ ತರಬೇತಿ ಮುಗಿಸಿ ರಾಜ್ಯದ ಪರವಾನಗಿ ಪಡೆಯಬೇಕು. ಈ ದಾರಿ ಕನ್ನಡಿಗರಿಗೆ ಅಪರಿಚಿತವಲ್ಲ. ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಓದಿ ಅಮೆರಿಕಕ್ಕೆ ಹೋದ ನಮ್ಮ ವೈದ್ಯರೂ ಇದನ್ನೇ ತುಳಿದವರು. ಆದರೆ ಅವರು ಇಂಗ್ಲಿಷಿನಲ್ಲಿ ಓದಿದ್ದರು, ಅವರ ಕಾಲೇಜುಗಳು ಇದ್ದಲ್ಲಿಯೇ ಇದ್ದವು, ಪತ್ರ ಬರೆದರೆ ಅಂಕಪಟ್ಟಿ ಬರುತ್ತಿತ್ತು. ನೋರ್ ವೈದ್ಯಕೀಯ ಓದಿದ್ದು ಫ್ರೆಂಚಿನಲ್ಲಿ. ಅವರ ಕಾಲೇಜನ್ನು ಖಮೇರ್ ರೂಜ್ ಮುಚ್ಚಿಹಾಕಿತ್ತು, ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ವಯಸ್ಸು 40 ದಾಟಿತ್ತು, ಜತೆಗೆ ಸಾಕಬೇಕಾದ ಹುಡುಗಿಯಿದ್ದಳು. ಇಷ್ಟರ ಮೇಲೆ ಅವರೇಕೆ ಪರೀಕ್ಷೆಗೆ ಕೂರಲಿಲ್ಲ ಎಂದು ಕೇಳುವುದು, ಹೊಳೆಯಲ್ಲಿ ಕೊಚ್ಚಿಹೋಗಿ ದಡ ಸೇರಿದವನನ್ನು ಈಜುಸ್ಪರ್ಧೆಗೆ ಏಕೆ ಹೆಸರು ಕೊಡಲಿಲ್ಲ ಎಂದು ಕೇಳಿದಂತೆ.

ಹಾಗಾದರೆ ವಿಯೆಟ್ನಾಮಿನ ವೈದ್ಯರು ಹೇಗೆ ಯಶಸ್ವಿಯಾದರು ಎಂದು ಕೆಲವರು ವಾದಿಸುವುದುಂಟು. ಹೋಲಿಕೆ ನ್ಯಾಯವಾದದ್ದೇ, ಆದರೆ ಉತ್ತರವೂ ಅದರೊಳಗೇ ಇದೆ. ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾದದ್ದು 1975ರ ಏಪ್ರಿಲ್ 30ರಂದು, ನಾಮ್ ಪೆನ್ ಬಿದ್ದ ಹದಿಮೂರು ದಿನಗಳ ನಂತರ. ಆ ವರ್ಷವೇ ಸುಮಾರು 1,30,000 ವಿಯೆಟ್ನಾಮೀಯರು ಅಮೆರಿಕದ ನೆರವಿನಿಂದ ಹೊರಬಂದರು, ಅವರಲ್ಲಿ ವೈದ್ಯರೂ ಸಾಕಷ್ಟು ಮಂದಿ ಇದ್ದರು. ಆಸ್ಪತ್ರೆಯ ಕೆಲಸದಿಂದ ನೇರವಾಗಿ ಎದ್ದುಬಂದ ಅವರು ಒಟ್ಟಿಗೆ ಕುಳಿತು ಓದಬಹುದಾಗಿತ್ತು, ಒಬ್ಬರು ಪಾಸಾದರೆ ಇನ್ನೊಬ್ಬರಿಗೆ ದಾರಿ ತೋರಿಸಬಹುದಾಗಿತ್ತು. ಮುಂದೆ ದೋಣಿಗಳಲ್ಲಿ ಬಂದವರ ಮಕ್ಕಳು ಅಮೆರಿಕದ ಶಾಲೆಗಳಲ್ಲಿಯೇ ಓದಿ ವೈದ್ಯರಾದರು. ಕಾಂಬೋಡಿಯಾದ ವೈದ್ಯರಿಗೆ ಅಂಥ ಬಳಗವೇ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಇಲ್ಲಿದೆ: ಮತ್ತೆ ವೈದ್ಯರಾಗಲು ಒಬ್ಬರ ಛಲವೊಂದೇ ಸಾಲದು, ಅವರನ್ನು ವೈದ್ಯರೆಂದು ಬಲ್ಲವರೂ ಬದುಕಿರಬೇಕು.

ನೋರ್ ಕೆಲಕಾಲ ರಾತ್ರಿ ಕಾವಲುಗಾರರಾಗಿದ್ದರು. ಅನಂತರ ಲಾಸ್ ಏಂಜಲೀಸಿನ ಚೈನಾಟೌನ್ ಸರ್ವೀಸ್ ಸೆಂಟರ್‌ನಲ್ಲಿ, ತಮ್ಮಂತೆಯೇ ಬಂದ ನಿರಾಶ್ರಿತರಿಗೆ ಉದ್ಯೋಗ ಹುಡುಕಿಕೊಡುವ ಕೆಲಸಕ್ಕೆ ಸೇರಿದರು. ‘ದ ಕಿಲ್ಲಿಂಗ್ ಫೀಲ್ಡ್ಸ್’ನಲ್ಲಿ ಕಾಂಬೋಡಿಯಾದ ಪತ್ರಕರ್ತ ಡಿತ್ ಪ್ರಾನ್ ಅವರ ಪಾತ್ರಕ್ಕೆ ಕರೆ ಬಂದಾಗ ಅವರು ಈ ಕೆಲಸದಲ್ಲಿದ್ದರು. ನಟನೆಯ ಗಂಧವೇ ಇಲ್ಲದವರಿಗೆ 1985ರ ಮಾರ್ಚ್‌ನಲ್ಲಿ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂದಿತು. ಆ ಬಳಿಕ ಸಿಕ್ಕ ಪಾತ್ರಗಳು ಸಣ್ಣವೇ ಹೆಚ್ಚು. 1993ರ ಒಂದು ಹಾಲಿವುಡ್ ಚಿತ್ರದಲ್ಲಂತೂ ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ನೀಡುವ ಸಾಂಪ್ರದಾಯಿಕ ವೈದ್ಯನ ಪಾತ್ರ ಅವರದು. ಪರವಾನಗಿ ಕೇಳದೆ ಅಮೆರಿಕ ಅವರಿಗೆ ಕೊಟ್ಟ ಏಕೈಕ ವೈದ್ಯ ಹುದ್ದೆ ಅದು ಎಂದು ನಾನು ತಮಾಷೆಗೆ ಹೇಳುವುದುಂಟು.

ಸಾವಿನ ಬಗ್ಗೆಯೂ ಕೇಳುತ್ತಾರೆ. 1996ರ ಫೆಬ್ರವರಿ 25ರಂದು ಚೈನಾಟೌನಿನ ತಮ್ಮ ಮನೆಯ ಹೊರಗೆ ಅವರು ಗುಂಡೇಟಿಗೆ ಬಲಿಯಾದರು. ಅದು ದರೋಡೆಗಾಗಿ ನಡೆದ ಕೊಲೆಯೆಂದು ತೀರ್ಮಾನವಾಗಿ, 1998ರಲ್ಲಿ ಬೀದಿ ಗ್ಯಾಂಗೊಂದರ ಮೂವರಿಗೆ ಶಿಕ್ಷೆಯಾಯಿತು. ರಾಜಕೀಯ ಹತ್ಯೆ ಎಂಬ ಮಾತು ಆಗಾಗ ಕೇಳಿಬಂದರೂ ಅದಕ್ಕೆ ತಕ್ಕ ಪುರಾವೆ ಬಂದಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಕಾಂಬೋಡಿಯಾಕ್ಕೆ ಮತ್ತೆ ಮತ್ತೆ ಹೋಗಿ, ಒಂದು ಪ್ರಾಥಮಿಕ ಶಾಲೆಯನ್ನು ಕಟ್ಟಿಸಿದ್ದರು, ಹಳ್ಳಿಯವರಿಗೆ ದುಡಿಮೆಯಾಗಲೆಂದು ಮರ ಕೊಯ್ಯುವ ಸಣ್ಣ ಗಿರಣಿಯೊಂದನ್ನು ನಡೆಸುತ್ತಿದ್ದರು. ಅವರ ಹೆಸರಿನಲ್ಲಿರುವ ಪ್ರತಿಷ್ಠಾನದ ಹೆಸರಿನ ಮೊದಲ ಅಕ್ಷರ ಈಗಲೂ ‘ಡಾ.’ ಎಂದೇ ಇದೆ.