ಒಂದೇ ಊರಿನ ಎರಡು ನಕ್ಷೆಗಳು

ನಾನು ಈ ಕಾಲೇಜಿನಲ್ಲಿ ಬಿ.ಎ. ಓದಿದ್ದು 1988ರಿಂದ 1991ರವರೆಗೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂಬ ಮೂರು ವಿಷಯಗಳನ್ನು ನಾನಾಗಿ ಆರಿಸಿಕೊಂಡೆನೆಂದು ಹೇಳಿಕೊಳ್ಳುವಂತಿಲ್ಲ. ಊರಿನಿಂದ ಬೆಳಿಗ್ಗೆ ಹೊರಡುವ ಒಂದೇ ಬಸ್ಸಿಗೆ ಹೊಂದುವ ಕಾಲೇಜು ಇದೊಂದೇ ಆಗಿತ್ತು, ಇಲ್ಲಿ ನನ್ನ ಅಂಕಗಳಿಗೆ ಸಿಕ್ಕಿದ್ದು ಅವು ಮೂರೇ ಆಗಿದ್ದವು. ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂಬ ಪತ್ರ ಬಂದಾಗ ಮೊದಲು ಕಣ್ಣಿಗೆ ಬಂದದ್ದು ನಮ್ಮ ಸಮಾಜಶಾಸ್ತ್ರದ ಮೇಷ್ಟ್ರು. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಎಂದೂ ಇಷ್ಟಪಟ್ಟವರಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಆ ವರ್ಷಗಳಲ್ಲಿ ಓದಿದವರಿಗೆ ಯಾರೆಂಬುದು ಗೊತ್ತಾಗಿಯೇ ಆಗುತ್ತದೆ.

ಮೊದಲ ವರ್ಷದ ಮೊದಲ ವಾರದಲ್ಲಿ ಅವರು ಪಠ್ಯಪುಸ್ತಕವನ್ನು ತೆರೆಯಲಿಲ್ಲ. ಎಲ್ಲರಿಗೂ ಒಂದೊಂದು ಬಿಳಿಯ ಹಾಳೆ ಕೊಟ್ಟು, ಅಳತೆಪಟ್ಟಿ ಮುಟ್ಟಬಾರದು, ಪಕ್ಕದವರನ್ನು ಕೇಳಬಾರದು, ಗಂಟೆ ಹೊಡೆಯುವುದರೊಳಗೆ ನಿಮ್ಮ ನಿಮ್ಮ ಊರಿನ ನಕ್ಷೆ ಬರೆದುಕೊಡಿ ಎಂದರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಯಾರೋ ಕೇಳಿದರು. ಬರುವುದಿಲ್ಲ ಎಂದು ತಿಳಿದ ಮೇಲೆ ಹಿಂದಿನ ಬೆಂಚಿನವರ ಉತ್ಸಾಹ ಇಳಿಯಿತಾದರೂ ನನಗೆ ಆ ಕೆಲಸ ಹಿಡಿಸಿತು. ಬಸವೇಶ್ವರನ ಗುಡಿ, ಅದರ ಮುಂದಿನ ಅರಳಿಕಟ್ಟೆ, ಪಟೇಲರ ಮನೆ, ನಮ್ಮ ಬೀದಿ, ಹಾಲಿನ ಡೈರಿ, ಹಿಟ್ಟಿನ ಗಿರಣಿ, ಶಾಲೆ, ಊರಾಚೆ ಆಲೆಮನೆ, ನಾಲೆ. ನಾಲೆಯ ಈಚೆಗೆ ಹಾಳೆಯಲ್ಲಿ ಇನ್ನೂ ಜಾಗ ಉಳಿದಿತ್ತು. ಅಲ್ಲಿ ‘ಗದ್ದೆ ಬಯಲು’ ಎಂದು ದುಂಡಗೆ ಬರೆದು ಒಪ್ಪಿಸಿದೆ.

ನಮ್ಮ ತರಗತಿಯಲ್ಲಿ ನಮ್ಮೂರಿನವನೇ ಆದ ಇನ್ನೊಬ್ಬ ಹುಡುಗನಿದ್ದ. ಅವನ ಮನೆ ಇದ್ದದ್ದು ಊರ ಹೊರಗಿನ ಕೇರಿಯಲ್ಲಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರೂ ಆವರೆಗೆ ಅವನೊಡನೆ ಹತ್ತು ಮಾತು ಆಡಿದವಳಲ್ಲ. ಮರುದಿನ ಮೇಷ್ಟ್ರು ಗೋಡೆಗೆ ಅಂಟಿಸಿದ್ದು ನಮ್ಮಿಬ್ಬರ ನಕ್ಷೆಗಳನ್ನು, ಅಕ್ಕಪಕ್ಕದಲ್ಲಿ. ಅವನ ನಕ್ಷೆ ಮೊದಲಾಗುತ್ತಿದ್ದುದು ಕೇರಿಯ ಮಾರಮ್ಮನ ಗುಡಿಯಿಂದ. ಅದರ ಸುತ್ತ ಅರವತ್ತಕ್ಕೂ ಹೆಚ್ಚು ಮನೆಗಳು, ಕೈಪಂಪು, ಒಂದು ಹುಣಸೆಮರ. ನಾನು ‘ಗದ್ದೆ ಬಯಲು’ ಎಂದು ಬರೆದಿದ್ದ ಜಾಗದಲ್ಲಿ ಅಷ್ಟೊಂದು ಜನ ಸಂಸಾರ ಮಾಡಿಕೊಂಡಿದ್ದರು. ಗದ್ದೆಗಳನ್ನಾದರೂ ಅವನು ನನ್ನ ಹಾಗೆ ಒಂದೇ ಮಾತಿನಲ್ಲಿ ಮುಗಿಸಿರಲಿಲ್ಲ. ಯಾರ ಬದು ಎಲ್ಲಿ ತಿರುಗುತ್ತದೆ, ಯಾವ ಗದ್ದೆಗೆ ನೀರು ಕೊನೆಗೆ ಮುಟ್ಟುತ್ತದೆ, ಯಾವ ಕಾಲುದಾರಿ ಯಾರ ಕೊಟ್ಟಿಗೆಯ ಹಿಂದೆ ಹಾದುಹೋಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಹೋಟೆಲ್ಲಿನ ಒಳಭಾಗ ಇರಲಿಲ್ಲ, ಹೊರಗಿನ ಕಲ್ಲುಬೆಂಚು ಇತ್ತು. ನಮ್ಮ ಮನೆಯೂ ಇತ್ತು. ಅದನ್ನು ಅವನು ಹಿತ್ತಿಲ ಕಡೆಯಿಂದ ಬರೆದಿದ್ದ.

ಇವೆರಡರಲ್ಲಿ ಯಾವುದು ತಪ್ಪು ಎಂದು ಮೇಷ್ಟ್ರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವರೂ ಉತ್ತರ ಹೇಳಲಿಲ್ಲ. ಕಣ್ಣು ನೋಡಬೇಕಾದರೆ ಮೊದಲು ಕಾಲು ಅಲ್ಲಿಗೆ ಹೋಗಬೇಕಲ್ಲ, ಯಾರ ಕಾಲು ಎಲ್ಲಿಯವರೆಗೆ ಹೋಗಬೇಕು ಎಂದು ಗೆರೆ ಎಳೆದವರು ಯಾರು, ಅದನ್ನು ಈ ವರ್ಷ ಯೋಚಿಸಿ ಎಂದಷ್ಟೇ ಹೇಳಿ ಹಾಜರಿ ಪುಸ್ತಕ ತೆಗೆದರು. ನನಗೆ ಬಂದದ್ದು ನಾಚಿಕೆಯಲ್ಲ, ಕೋಪ. ನಾನು ಸುಳ್ಳು ಬರೆದಿರಲಿಲ್ಲ, ಗೊತ್ತಿದ್ದುದನ್ನು ಬರೆದಿದ್ದೆ ಎಂದು ಬಸ್ಸಿನಲ್ಲಿ ಗೆಳತಿಯೊಡನೆ ವಾದಿಸಿದೆ. ವಾದವೇನೋ ಸರಿಯಾಗಿಯೇ ಇತ್ತು, ಆದರೆ ಮೇಷ್ಟ್ರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಆ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಎಂ.ಎನ್. ಶ್ರೀನಿವಾಸರ ಬಗ್ಗೆ ಅವರು ಮಾಡಿದ ಪಾಠಗಳು ನನಗೆ ಈಗಲೂ ಹೆಚ್ಚುಕಡಿಮೆ ಪೂರ್ತಿಯಾಗಿ ನೆನಪಿವೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸವಿದ್ದು, ಅದಕ್ಕೆ ರಾಂಪುರವೆಂಬ ಬೇರೆ ಹೆಸರಿಟ್ಟು, ಅಲ್ಲಿನ ಬದುಕನ್ನು ಬರೆದುಕೊಂಡರು. ನಮ್ಮ ಜಿಲ್ಲೆಯ ಪಕ್ಕದ ಊರು, ನಮ್ಮದೇ ರಾಗಿ, ಭತ್ತ, ನಮ್ಮದೇ ಮಾತು. ಪುಸ್ತಕವೆಂದರೆ ದೂರದ ದೇಶದ ಸಂಗತಿ ಎಂದುಕೊಂಡಿದ್ದ ನಮಗೆ ಅದೇ ಒಂದು ಬೆರಗು. ಆದರೆ ಮೇಷ್ಟ್ರಿಗೆ ಮುಖ್ಯವೆನಿಸಿದ್ದು ಶ್ರೀನಿವಾಸರು ಏನನ್ನು ಕಂಡರು ಎಂಬುದಕ್ಕಿಂತ ಎಲ್ಲಿ ನಿಂತು ಕಂಡರು ಎಂಬುದು. ಅವರು ಬಿಡಾರ ಮಾಡಿದ್ದು ಊರಿನ ಪಟೇಲರಿಗೆ ಸೇರಿದ, ದನ ಕಟ್ಟುವ ಮನೆಯಲ್ಲಿ. ಬ್ರಾಹ್ಮಣನೆಂದ ಮೇಲೆ ಬ್ರಾಹ್ಮಣನ ಹಾಗೆಯೇ ಇರಬೇಕೆಂದು ಊರಿನವರೇ ಅಪೇಕ್ಷಿಸಿದರು. ಸ್ನಾನ ಮಾಡಿದ ಮೇಲೆ ಗಡ್ಡ ಹೆರೆದುಕೊಂಡದ್ದಕ್ಕೆ, ಇದೆಂಥ ಕ್ರಮವೆಂದು ಅವರನ್ನು ಆಕ್ಷೇಪಿಸಿದ್ದೂ ಉಂಟು. ಹೊರಗಿನಿಂದ ಅಧ್ಯಯನಕ್ಕೆ ಬಂದವನಿಗೂ ಊರು ಒಂದು ಜಾಗ ಗೊತ್ತುಮಾಡಿ, ಅಲ್ಲಿ ಕೂರಿಸಿ, ಅಲ್ಲಿಂದ ಕಾಣುವಷ್ಟನ್ನು ತೋರಿಸಿತು. ತಾವು ಕಂಡದ್ದು ಬಹುಮಟ್ಟಿಗೆ ಮೇಲಿನ ಜಾತಿಗಳ ಕಡೆಯಿಂದ ಕಂಡ ಊರು ಎಂಬುದನ್ನು ಶ್ರೀನಿವಾಸರು ಮುಚ್ಚಿಡಲಿಲ್ಲ. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಸಮಾಜಶಾಸ್ತ್ರಕ್ಕೆ ಕೊಟ್ಟವರೂ ಅವರೇ. ಸಂಖ್ಯೆಯಲ್ಲಿ ದೊಡ್ಡದಾಗಿ, ಭೂಮಿಯನ್ನು ಹಿಡಿದು, ಊರಿನ ಮಾತು ನಡೆಸುವ ಜಾತಿ ಎಂಬ ಅದರ ವಿವರಣೆಯನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಾಗ, ಅದು ಬೇರೆ ಯಾರ ಬಗ್ಗೆಯೂ ಅಲ್ಲ, ನಮ್ಮ ಮನೆಯ ಬಗ್ಗೆ ಎಂದು ಹೊಳೆದು ನನ್ನ ಲೇಖನಿ ಸ್ವಲ್ಪ ಹೊತ್ತು ನಿಂತಿತು. ಪಕ್ಕದ ಸಾಲಿನಲ್ಲಿ ಕುಳಿತಿದ್ದ ನಮ್ಮೂರಿನ ಹುಡುಗ ನಿಲ್ಲದೆ ಬರೆದುಕೊಳ್ಳುತ್ತಿದ್ದ. ಅವನಿಗೆ ಅದರಲ್ಲಿ ಹೊಸದೇನೂ ಇದ್ದಿರಲಾರದು.

ಮುಂದೆ 1970ರ ಏಪ್ರಿಲಿನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರು ಬರೆಯಲು ಕುಳಿತಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟು, ವರ್ಷಗಳ ಕಾಲ ಒಪ್ಪಮಾಡಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಅನಂತರ ನೆನಪನ್ನೇ ಹೆಚ್ಚಾಗಿ ನಂಬಿ ಅವರು ಬರೆದ ರಾಂಪುರದ ಪುಸ್ತಕ 1976ರಲ್ಲಿ ಹೊರಬಂದಿತು. ನೆನಪು ಎಂಬುದಾದರೂ ಒಬ್ಬರ ತಲೆಯೊಳಗಿನ ಖಾಸಗಿ ಪೆಟ್ಟಿಗೆಯೇ ಎಂಬ ಪ್ರಶ್ನೆಯನ್ನು ಮೇಷ್ಟ್ರು ಇಲ್ಲಿ ಎತ್ತಿ, ನಾವು ಯಾರೊಡನೆ ಬದುಕುತ್ತೇವೆಯೋ ಅವರ ಚೌಕಟ್ಟಿನಲ್ಲಿಯೇ ನಮ್ಮ ನೆನಪು ನಿಲ್ಲುತ್ತದೆ ಎಂದು 1925ರಲ್ಲಿ ವಾದಿಸಿದ ಫ್ರಾನ್ಸಿನ ಮಾರಿಸ್ ಹಾಲ್ಬ್‌ವಾಕ್ಸ್‌ನ ಹೆಸರು ಹೇಳಿದರು. ಕಾಲದ ಎಣಿಕೆಯೇ ಸಮಾಜದಿಂದ ಹುಟ್ಟಿದ್ದು, ಒಟ್ಟಾಗಿ ಮಾಡುವ ಆಚರಣೆಗಳ ಲಯವೇ ಪಂಚಾಂಗವಾಯಿತು ಎಂಬ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್‌ನ 1912ರ ಮಾತನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೆವು. ಆದರೆ ‘ಸಂತೆ ಕಳೆದು ಎಷ್ಟು ದಿನವಾಯಿತು’ ಎಂದು ಕೇಳಿಕೊಂಡೇ ಸೋಮವಾರ, ಮಂಗಳವಾರಗಳನ್ನು ಗುರುತಿಸುತ್ತಿದ್ದ ನಮ್ಮಜ್ಜಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಲು ಅವರೇ ಹೇಳಿಕೊಡಬೇಕಾಯಿತು.

ಅಜ್ಜಿಯ ಮಾತು ಬಂದದ್ದರಿಂದ ಎರಡನೆಯ ವರ್ಷದ ಒಂದು ಪ್ರಸಂಗವನ್ನು ಹೇಳಬೇಕು. ರಷ್ಯದ ಮನಶ್ಶಾಸ್ತ್ರಜ್ಞ ಲೂರಿಯ 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ಕಡೆಗೆ ಹೋಗಿ, ಓದುಬರಹ ಕಲಿಯದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕರ ಚಿತ್ರ ತೋರಿಸಿ, ಯಾವುದು ಗುಂಪಿಗೆ ಸೇರುವುದಿಲ್ಲ ಎಂದು ಕೇಳಿದ್ದನಂತೆ. ಮೇಷ್ಟ್ರು ಫಲಿತಾಂಶ ಹೇಳಲಿಲ್ಲ. ಮನೆಗೆ ಹೋಗಿ ಹಿರಿಯರನ್ನು ಕೇಳಿಬನ್ನಿ ಎಂದರು. ನಾನು ರಾತ್ರಿ ಒಲೆಯ ಮುಂದೆ ಅಜ್ಜಿಯನ್ನು ಕೇಳಿದೆ.

“ಯಾವ್ದುನ್ನೂ ಈಚೆಗೆ ತೆಗೀಬ್ಯಾಡ ಕಣವ್ವ. ದಿಮ್ಮಿನೇ ಇಲ್ದಿದ್ರೆ ಕೊಡ್ಲಿ ಮಡೀಕಂಡು ಏನ್ ಮಾಡೀಯೆ?”

ಮೂರು ಹತಾರ, ಒಂದು ಮರ, ಆದ್ದರಿಂದ ದಿಮ್ಮಿ ಬೇರೆ ಎಂದು ನಾನು ಬಿಡಿಸಿ ಹೇಳಿದೆ. ಅಜ್ಜಿ ನನ್ನನ್ನು ಮರುಕದಿಂದ ನೋಡಿ, ಕಾಲೇಜಿನಲ್ಲಿ ಇದನ್ನೇ ಹೇಳಿಕೊಡುತ್ತಾರೆಯೇ ಎಂದು ಕೇಳಿದರು. ಮರುದಿನ ತರಗತಿಯಲ್ಲಿ ಹೆಚ್ಚಿನವರು ತಂದ ಉತ್ತರ ಇದೇ. ಆಗ ಮೇಷ್ಟ್ರು ಉಜ್ಬೇಕಿಸ್ತಾನದ ಸಂಗತಿ ಹೇಳಿದರು: ಅಲ್ಲಿನ ರೈತನೂ ನಾಲ್ಕೂ ಬೇಕು ಎಂದಿದ್ದ, ದಿಮ್ಮಿಯನ್ನು ಹೊರಗಿಡಬೇಕೆಂದು ಇನ್ನೊಬ್ಬ ಹೇಳಿದ್ದಾನೆ ಎಂದಾಗ, ಅವನ ಮನೆಯಲ್ಲಿ ಸೌದೆ ಬೇಕಾದಷ್ಟಿರಬೇಕು ಎಂದುಬಿಟ್ಟಿದ್ದ. ಸ್ವಲ್ಪ ಕಾಲ ಶಾಲೆಯಲ್ಲಿ ಕುಳಿತು ಬಂದವರು ಮಾತ್ರ ಹತಾರ ಬೇರೆ, ಮರ ಬೇರೆ ಎಂದು ಸಲೀಸಾಗಿ ವಿಂಗಡಿಸಿದ್ದರು. ಈ ಅಧ್ಯಯನ ರಷ್ಯದಲ್ಲಿಯೇ ಪುಸ್ತಕವಾಗಿ ಬಂದದ್ದು ನಲವತ್ತು ವರ್ಷಗಳ ಮೇಲೆ, 1974ರಲ್ಲಿ. ಲೂರಿಯ ಇದನ್ನು ಯೋಚನೆಯ ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರುವುದೆಂದು ತಿಳಿದ. ನಮ್ಮ ಮೇಷ್ಟ್ರಿಗೆ ಅದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಕೆಲಸದಿಂದ ಕಿತ್ತು ವಸ್ತುವನ್ನು ಹೆಸರಿನ ಕೆಳಗೆ ಜೋಡಿಸುವುದು ಶಾಲೆ ಕಲಿಸುವ ಒಂದು ಅಭ್ಯಾಸ, ಅದರಿಂದ ಬಹಳ ಉಪಯೋಗವಿದೆ, ಆದರೆ ಅದನ್ನೇ ಬುದ್ಧಿ ಎಂದು ಕರೆದರೆ ಅಳೆಯುವವನು ತನ್ನ ಕೊಳಗದಿಂದಲೇ ಊರನ್ನೆಲ್ಲ ಅಳೆದಂತೆ ಎಂಬುದು ಅವರ ಅಭಿಪ್ರಾಯ. ನನಗೂ ಅದೇ ಸರಿ ಎನ್ನಿಸುತ್ತದೆ, ಈಗಲೂ.

ಕೊಳಗದ ಮಾತನ್ನು ಅವರು ಅಲಂಕಾರಕ್ಕಾಗಿ ಆಡಿರಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಗದ್ದೆಯನ್ನು ಬೀಜವರಿಯಿಂದ ಅಳೆಯುತ್ತಿದ್ದರು. ಒಂದು ಕೊಳಗ ಬಿತ್ತನೆ ಭತ್ತ ಹಿಡಿಯುವ ನೆಲ ಒಂದು ಕೊಳಗದ ಗದ್ದೆ, ಇಪ್ಪತ್ತು ಕೊಳಗ ಸೇರಿದರೆ ಖಂಡುಗ. ಖುಷ್ಕಿಯಲ್ಲಿ, ಎಂದರೆ ಮಳೆಯನ್ನೇ ನಂಬಿದ ಹೊಲದಲ್ಲಿ, ಬೀಜ ತೆಳ್ಳಗೆ ಬೀಳುವುದರಿಂದ ಅಲ್ಲಿ ಅದೇ ಕೊಳಗಕ್ಕೆ ಹೆಚ್ಚು ವಿಸ್ತಾರದ ನೆಲ. ಎಕರೆ ಗುಂಟೆಗಳಲ್ಲಿ ಲೆಕ್ಕ ಕಲಿತ ನಮಗೆ ಇದು ಅಳತೆಯೇ ಅಲ್ಲವೆಂದು ತೋರಿತ್ತು, ಏಕೆಂದರೆ ಒಂದೇ ಹೆಸರಿನ ಅಳತೆ ಎರಡು ಕಡೆ ಎರಡು ವಿಸ್ತಾರವಾಗುವುದೆಂದರೇನು? ಆದರೆ ಒಕ್ಕಲಿಗನಿಗೆ ತಿಳಿಯಬೇಕಾದದ್ದು ನಾಳೆ ಕಣಜದಿಂದ ಎಷ್ಟು ಬೀಜ ತೆಗೆಯಬೇಕು ಎಂಬುದು. ಕಂದಾಯ ಕೇಳುವವರಿಗೆ, ಜಮೀನು ಮಾರುವವರಿಗೆ, ಸಾಲ ಕೊಡುವವರಿಗೆ ಎಲ್ಲೆಲ್ಲಿಯೂ ಒಂದೇ ಆಗಿರುವ ನಲವತ್ತು ಗುಂಟೆಯ ಎಕರೆ ಬೇಕು. ಎರಡೂ ನೆಲದ ಬಗೆಗಿನ ತಿಳಿವಳಿಕೆಯೇ; ಎರಡರ ಹಿಂದೆಯೂ ಬೇರೆ ಬೇರೆ ಜನರ ಬೇರೆ ಬೇರೆ ಅಗತ್ಯಗಳಿವೆ.

ಇಷ್ಟು ಹೇಳಿದರೆ, ನಮ್ಮ ಮೇಷ್ಟ್ರು ಅಜ್ಜಿಯರು ಹೇಳಿದ್ದೆಲ್ಲ ಸರಿ ಎನ್ನುವ ಪಂಗಡದವರು ಎಂಬ ಭಾವನೆ ಬರಬಹುದು. ಹಾಗಿರಲಿಲ್ಲ. ಉತ್ಸಾಹದಿಂದ ನಾನು ಸಿಡುಬಿನ ಮೇಲೆ ಒಂದು ಪ್ರಬಂಧ ಬರೆದುಕೊಟ್ಟಿದ್ದೆ. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದೆ, ಹಿಂದೊಮ್ಮೆ ಸಿಡುಬು ಬಂದು ವಾಸಿಯಾದವರನ್ನೇ ಆರೈಕೆಗೆ ಇಡುತ್ತಿದ್ದ ಊರಿನ ಪದ್ಧತಿಯಲ್ಲಿ ಎಷ್ಟು ನಿಜವಾದ ತಿಳಿವಳಿಕೆ ಅಡಗಿತ್ತು ಎಂಬುದು ಅದರ ಸಾರ. ಮೇಷ್ಟ್ರು ಅದಕ್ಕೆ ಒಳ್ಳೆಯ ಅಂಕ ಕೊಟ್ಟು ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದಿದ್ದರು. ರೋಗ 1980ರ ಹೊತ್ತಿಗೆ ಭೂಮಿಯಿಂದಲೇ ತೊಲಗಿದ್ದು ಲಸಿಕೆಯಿಂದ, ಇದನ್ನು ಯಾಕೆ ಬಿಟ್ಟೆ ಎಂಬುದು ಮೊದಲನೆಯ ಸಾಲು. ಯಾರನ್ನು ಮುಟ್ಟಬಾರದು ಎಂಬುದನ್ನೂ ನಿಮ್ಮಜ್ಜಿ ಇಷ್ಟೇ ಖಚಿತವಾಗಿ ಬಲ್ಲರಲ್ಲವೆ, ಅದನ್ನು ಅವರಿಗೆ ಕಲಿಸಿದವರು ಯಾರು ಎಂಬುದು ಎರಡನೆಯದು. ಆ ಪ್ರಬಂಧವನ್ನು ನಾನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಬಿ.ಎ. ಮುಗಿಸಿ, ಬಿ.ಇಡಿ. ಮಾಡಿ ನಾನು ಶಿಕ್ಷಕಿಯಾದೆ. 2001ರ ಜನಗಣತಿಗೆ ಮೊದಲು, 2000ನೆಯ ಇಸವಿಯಲ್ಲಿ, ಮನೆಪಟ್ಟಿ ತಯಾರಿಸುವ ಕೆಲಸಕ್ಕೆ ಶಿಕ್ಷಕರನ್ನು ಹಾಕಿದಾಗ ನನಗೂ ಒಂದು ಹಳ್ಳಿಯ ಭಾಗ ಬಂದಿತ್ತು. ಗಣತಿದಾರರು ಮೊದಲು ಮಾಡಬೇಕಾದ ಕೆಲಸವೆಂದರೆ ತಮ್ಮ ಭಾಗದ ನಕ್ಷೆ ಬರೆಯುವುದು, ಅದರಲ್ಲಿ ಪ್ರತಿಯೊಂದು ಮನೆಯನ್ನೂ ಗುರುತಿಸಿ ಸಂಖ್ಯೆ ಕೊಡುವುದು. ಎಣಿಕೆಯನ್ನು ವಾಯವ್ಯ ಮೂಲೆಯಿಂದ ಆರಂಭಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಊರಿನ ವಾಯವ್ಯಕ್ಕೆ ಇದ್ದದ್ದು ಕೇರಿ. ಕೊನೆಯ ಮನೆಯ ಬಾಗಿಲಿನ ಮೇಲೆ ಒಂದು ಎಂದು ಬರೆಯುತ್ತಿದ್ದಾಗ, ಒಳಗಿನಿಂದ ಬಂದ ಅಜ್ಜಿಯೊಬ್ಬರು ಗಾಬರಿಯಿಂದ ನನ್ನನ್ನೂ ಗೋಡೆಯನ್ನೂ ನೋಡಿದರು.

“ಊರು ಶುರುವಾಗಾದು ಅತ್ಲಾಗೆ, ಗುಡಿತಾವಿಂದ ಕಣವ್ವ. ನೀವು ತಪ್ಪಾಗಿ ಇತ್ಲಾಗೆ ಬಂದಿದ್ದೀರಿ.”

ತಪ್ಪಾಗಿಲ್ಲವೆಂದೂ, ಈ ಸಲ ಇಲ್ಲಿಂದಲೇ ಎಣಿಸುವುದೆಂದೂ ಹೇಳಿದೆ. ಅವರು ನಂಬಲಿಲ್ಲ. ನಾನು ಮೂರನೆಯ ಮನೆಗೆ ಹೋಗುವಷ್ಟರಲ್ಲಿ, ಮೇಡಂ ಲೆಕ್ಕ ತಪ್ಪಿಸುತ್ತಿದ್ದಾರೆ ಎಂದು ಪಂಚಾಯಿತಿಯವರಿಗೆ ತಿಳಿಸಲು ಮೊಮ್ಮಗನನ್ನು ಓಡಿಸಿದ್ದರು.